ಕುಮಟಾ ಕಡೆಯ ಧರೆಯಲ್ಲಿ ಮರಳುಗಲ್ಲು, ಜೇಡಿ, ಶೇಲ್ ಪದರಗಳನ್ನು ವಿವರಿಸಿ ಬರೆಯುವುದು ಹೇಗೆ?

ಮೇಲೆ ಕೆಂಪು ಕಲ್ಲು, ನಡುವೆ ಕೆಂಪು-ಹಳದಿ ಮಚ್ಚೆಯ ಮಣ್ಣು, ಕೆಳಗೆ ತೆಳು ಗೆರೆಗಳ ಬಿಳಿ ಪದರ. ನೀವು ಹೇಳಿದ ಧರೆ, ಅಂದರೆ ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ, ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಎಸ್ಸಿ ಎರಡನೇ ವರ್ಷದ ರಜೆಯಲ್ಲಿ ಚಿಕ್ಕಪ್ಪನ ಮನೆ ಹಿಂದೆ ಇಂಥದ್ದೇ ಧರೆ ನೋಡಿ, ನೋಟ್‌ಬುಕ್ಕಿನಲ್ಲಿ ನಿಮ್ಮ ಹಾಗೇ ಬರೆದಿದ್ದೆ: ಮರಳುಗಲ್ಲು, ಜೇಡಿ, ಶೇಲ್.

ಕೊನೆಯ ಹೆಸರು ನಮ್ಮನ್ನು ಮುಳುಗಿಸಿತು. ಆಗ ಏಪ್ರಿಲ್, ಬಿಳಿ ಪದರ ಒಣಗಿ ಗಟ್ಟಿಯಾಗಿತ್ತು. ಶೇಲ್ ಅಂದರೆ ಕೆಸರು ತಂಗಿ ಗಟ್ಟಿಯಾದ ಕಲ್ಲು, ಅದು ಹಾಳೆ ಹಾಳೆಯಾಗಿ ಬಿಡುತ್ತದೆಂದು ಆಗಷ್ಟೇ ಓದಿದ್ದೆ. ಇಲ್ಲಿ ಗೆರೆಗಳು ಸಾಲುಸಾಲಾಗಿ ಕಂಡವು. ಹತ್ತು ಅಡಿ ದೂರದಿಂದಲೇ ಹೆಸರು ಬರೆದುಬಿಟ್ಟೆ. ಮೇಲ್ಮೈ ಕೆರೆಯಲಿಲ್ಲ, ಒಂದು ತುಂಡು ಕಿತ್ತು ಒಡೆದು ನೋಡಲಿಲ್ಲ, ನೀರಿಗೆ ಹಾಕಲಿಲ್ಲ. ಚಿಕ್ಕಪ್ಪನಿಗೆ ಕೊಟ್ಟಿಗೆ ದೊಡ್ಡದು ಮಾಡಬೇಕಿತ್ತು. "ತಮಾ, ಕೆಳಗೆ ಇರೋದು ಕಲ್ಲೇ ಹೌದಾ? ನೆಟ್ಟಗೆ ಕಡಿಸಿದ್ರೆ ನಿಲ್ತದಾ?" ಎಂದು ಕೇಳಿದರು. ನಿಲ್ತದೆ ಅಂದೆ. ಆಷಾಢದಲ್ಲಿ ಮೂರು ದಿನ ಬಿಡದೆ ಹೊಡೆದ ಮಳೆಗೆ ಧರೆ ಕೊಟ್ಟಿಗೆಯ ಮೇಲೆ ಬಂತು. ಎರಡು ಎಮ್ಮೆ ಮಣ್ಣಿನಡಿ ಹೋದವು. ಚಿಕ್ಕಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ.

ಅದು ಶೇಲ್ ಅಲ್ಲ, ಶೇಡಿ ಎಂಬ ಬಿಳಿ ಜೇಡಿಮಣ್ಣು. ನಮ್ಮ ಅಮ್ಮಮ್ಮ ದೀಪಾವಳಿಗೆ ತುಳಸಿಕಟ್ಟೆಗೆ ಚಿತ್ತಾರ ಬರೆಯಲು ನೀರಲ್ಲಿ ಕಲಸುತ್ತಿದ್ದ ಅದೇ ಶೇಡಿ. ಉಂಡೆ ನೀರಿಗೆ ಬಿದ್ದ ಕೂಡಲೇ ಕದಡಿ ಹೋಗುವುದನ್ನು ಚಿಕ್ಕಂದಿನಿಂದ ನೋಡಿಯೂ ನನಗೆ ಹೊಳೆಯಲಿಲ್ಲ. ಆ ಗೆರೆಗಳು ಕೆಸರು ತಂಗಿ ಆದವಲ್ಲ, ಅಡಿಯ ಮೂಲ ಬಂಡೆಯವು. ಬಂಡೆ ಕೊಳೆತು ಜೇಡಿಯಾದರೂ ಅದರ ಪಟ್ಟೆಗಳು ಉಳಿಯುತ್ತವೆ. ಬೆಣಚುಕಲ್ಲಿನ ಎಳೆಯೊಂದು ಶೇಡಿಯಿಂದ ಕೆಳಗಿನ ಗಟ್ಟಿ ಬಂಡೆಗೆ ಮುರಿಯದೆ ಇಳಿದಿದ್ದರೆ ಇನ್ನು ಅನುಮಾನವೇ ಬೇಡ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎನ್ನುತ್ತೇನೆ. ಮೇಲಿನದು ಮರಳುಗಲ್ಲಲ್ಲ, ಚಿರೆಕಲ್ಲು. ಈ ಸೀಮೆಯನ್ನೆಲ್ಲ ಸುತ್ತಿ ಬರೆದ ಸ್ಕಾಟ್ಲೆಂಡಿನ ವೈದ್ಯ ಬುಕಾನನ್ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಮಲಬಾರಿನ ಇಂಥ ಕಲ್ಲಿಗೇ. ನಿಮ್ಮ ಮೂರು ಪದರಗಳು ಒಂದರ ಮೇಲೊಂದು ತಂಗಿದವಲ್ಲ, ಒಂದೇ ಬಂಡೆ ಮೇಲಿನಿಂದ ಕೆಳಕ್ಕೆ ಕೊಳೆತ ಹಂತಗಳು. ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ಪಾಠ ಇಲ್ಲಿ ನಡೆಯುವುದಿಲ್ಲ. ನಿಜವಾದ ಮರಳುಗಲ್ಲಿನ ಪದರ ಬೇಕಿದ್ದರೆ ಘಟ್ಟ ಹತ್ತಿ ಬಾದಾಮಿಗೆ ಹೋಗಿ. ಅಲ್ಲಿ ಬೆರಳಾಡಿಸಿದರೆ ಮರಳು ಕಾಗದದಂತೆ ತರಿತರಿ ಹತ್ತುತ್ತದೆ. ಕಣಗಳ ಗಾತ್ರ 2 ಮಿಲಿಮೀಟರಿನೊಳಗೆ.

ನಿಮ್ಮ ಧರೆಯನ್ನು ಬರೆಯುವುದಾದರೆ ಹೆಸರನ್ನು ಕೊನೆಗೆ ಬರೆಯಿರಿ. ಮೊದಲು ಕತ್ತಿಯಿಂದ ಒಂದು ಗೇಣು ಕೆರೆದು ಒಳಗಿನ ಬಣ್ಣ ನೋಡಿ. ಪ್ರತಿ ಹಂತದ ದಪ್ಪ ಟೇಪು ಹಿಡಿದು ಅಳೆಯಿರಿ. ಗಡಿ ಚೂಪಾಗಿದೆಯೋ, ಒಂದರೊಳಗೊಂದು ಕರಗಿದೆಯೋ ಬರೆಯಿರಿ. ಚಿರೆಕಲ್ಲಿನ ಕೆಳಗೆ ಅದು ಸಾಮಾನ್ಯವಾಗಿ ಕರಗಿಯೇ ಇರುತ್ತದೆ. ಚೂರು ಮಣ್ಣು ಹಲ್ಲಿನ ನಡುವೆ ಒತ್ತಿ: ಬರೀ ಜೇಡಿ ನುಣುಪು, ಬೆಣಚಿನ ಚೂರಿದ್ದರೆ ಕರಕರ. ಒಣ ತುಂಡೊಂದನ್ನು ಲೋಟದ ನೀರಿಗೆ ಹಾಕಿ, ಎಷ್ಟು ನಿಮಿಷಕ್ಕೆ ಕದಡಿತು ಎಂದು ಗಡಿಯಾರ ನೋಡಿ ಬರೆಯಿರಿ.

ಇದನ್ನೆಲ್ಲ ಮಳೆ ಹಿಡಿಯುವ ಮೊದಲೇ ಮುಗಿಸಿ. ಮಳೆ ಬಿದ್ದ ಮೇಲೆ ಆ ಧರೆಯ ಬುಡಕ್ಕೆ ಹೋಗಬೇಡಿ.