ರೂಮು ಬಿಡುವಾಗ ಇಂಟರ್ನೆಟ್ ಬಂದ್ ಮಾಡಿಸಿದರೆ ಪೂರ್ತಿ ತಿಂಗಳ ಬಿಲ್ ಕಟ್ಟಬೇಕಾ?

ಧಾರವಾಡದ ಸಪ್ತಾಪುರದ ರೂಮು ಖಾಲಿ ಮಾಡಿ 12ನೇ ತಾರೀಖು ಹಾವೇರಿಗೆ ಹೊರಟಿದ್ದೀರಿ. ಪೂರ್ತಿ ತಿಂಗಳ ಬಿಲ್ ಕಟ್ಟಬೇಕಾ, ಡಿಪಾಸಿಟ್ ವಾಪಸ್ ಬರುತ್ತಾ ಅಂತ ಕೇಳಿದ್ದೀರಿ. ಮೊದಲು ನಿಮ್ಮದು ಪ್ರೀಪೇಯ್ಡೋ ಪೋಸ್ಟ್‌ಪೇಯ್ಡೋ ನೋಡಿಕೊಳ್ಳಿ.

ಪ್ರೀಪೇಯ್ಡ್ ಆದರೆ ತಲೆನೋವು ಕಡಿಮೆ. ಅವಧಿ ಮುಗಿದ ದಿನ ನೆಟ್ ತಾನಾಗಿ ನಿಲ್ಲುತ್ತದೆ, ಬಾಕಿ ಬೆಳೆಯುವುದಿಲ್ಲ. ಆದರೆ ಉಳಿದ ದಿನಗಳ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅಗ್ಗ ಅಂತ ಆರು ತಿಂಗಳದ್ದು ಹಾಕಿಸಿ ಮೂರಕ್ಕೇ ರೂಮು ಬಿಟ್ಟರೆ ಅದು ತುಟ್ಟಿಯೇ. ಡಿಟಿಎಚ್ ಟಿವಿಯದ್ದೂ ಹೆಚ್ಚುಕಡಿಮೆ ಇದೇ ಕಥೆ.

ಪೋಸ್ಟ್‌ಪೇಯ್ಡ್‌ನಲ್ಲಿ ನಾನು ಕೈ ಸುಟ್ಟುಕೊಂಡವನು. ಹುಬ್ಬಳ್ಳಿ ವಿದ್ಯಾನಗರದ ಮನೆ ಬಿಟ್ಟು ಗದಗಕ್ಕೆ ಬರುವಾಗ ರೂಟರ್ ಕೈಚೀಲದಲ್ಲಿ ಹಾಕಿಕೊಂಡು ಇಂಟರ್ನೆಟ್ ಕಂಪನಿಯ ಆಫೀಸಿಗೆ ಹೋದೆ. ಅಲ್ಲಿದ್ದ ಹುಡುಗ ವೈರ್ ಸುತ್ತಿ ಟೇಬಲ್ ಕೆಳಗೆ ತಳ್ಳಿದ. ಚೀಟಿ ಕೊಡಪ್ಪ ಅಂದೆ. "ಚೀಟಿ ಯಾಕ್ರೀ ಸರ್, ನಾವ ಇರ್ತೀವಲ್ರೀ" ಅಂದ. ರೂಟರ್ ಕೊಟ್ಟೆ, ಲೈನ್ ಬಂದ್ ಆಯಿತು ಅಂದುಕೊಂಡು ಬಸ್ ಹತ್ತಿದೆ. ಎರಡು ತಿಂಗಳ ಮೇಲೆ ಫೋನ್ ಬಂತು. ಎರಡು ತಿಂಗಳ ನೆಟ್ ಬಾಡಿಗೆ, ಅದಕ್ಕೆ ಶೇ 18 ಜಿಎಸ್‌ಟಿ, ಲೇಟ್ ಫೀ, ಜೊತೆಗೆ "ವಾಪಸ್ ಮಾಡದ" ರೂಟರ್‌ನ ದುಡ್ಡು! ಆಫೀಸಿಗೆ ಓಡಿದರೆ ಆ ಹುಡುಗ ಕೆಲಸ ಬಿಟ್ಟಿದ್ದ. ನನ್ನ ಪುಣ್ಯ, "ರೂಟರ್ ತರ್ತಿದ್ದೀನಿ" ಅಂತ ಅವನಿಗೆ ಕಳಿಸಿದ್ದ ವಾಟ್ಸಾಪ್, "ಆತ್ರೀ ಸರ್" ಅನ್ನುವ ಅವನ ಉತ್ತರ ಎರಡೂ ಫೋನಿನಲ್ಲಿದ್ದವು. ರೂಟರ್ ದುಡ್ಡು ತೆಗೆದರು. ಬಾಡಿಗೆ ಮಾತ್ರ ಕಟ್ಟಬೇಕಾಯಿತು, ಯಾಕೆಂದರೆ ಬಂದ್ ಮಾಡಿ ಅಂತ ನಾನು ಎಲ್ಲೂ ಬರೆದುಕೊಟ್ಟಿರಲಿಲ್ಲ.

ಹಾಗಾಗಿ ನೀವು ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಇಂಥ ದಿನದಿಂದ ಬಂದ್ ಮಾಡಿ ಅಂತ ಬರೆದು, ದೂರು ಸಂಖ್ಯೆ ಇಟ್ಟುಕೊಳ್ಳಿ. ಫೋನಿನಲ್ಲಿ "ಆಯ್ತು" ಅಂದರೆ ಸಾಲದು. ಬಿಲ್ಲಿನ ತಿಂಗಳು ಒಂದರಿಂದ ಮೂವತ್ತಕ್ಕೇ ಇರಬೇಕು ಅಂತಿಲ್ಲ, ಹಳೇ ಬಿಲ್ ತೆಗೆದು ನೋಡಿ. ನಿಮ್ಮದು 9ಕ್ಕೋ 10ಕ್ಕೋ ಮುಗಿಯುವುದಾದರೆ ಆ ದಿನಕ್ಕೇ ಬಂದ್ ಕೇಳಿ. ಎರಡು ದಿನ ಮೊಬೈಲ್ ಡೇಟಾದಲ್ಲಿ ಕಳೆಯಬಹುದು, ಅಲ್ವಾ? ಕೆಲವು ಕಂಪನಿಯವರು ಬಳಸಿದ ದಿನಗಳಿಗಷ್ಟೇ ಬಿಲ್ ಹಾಕುತ್ತಾರೆ, ಕೆಲವರು ಪೂರ್ತಿ ತಿಂಗಳಿಗೆ. ಕೊನೇ ಬಿಲ್ ಎಷ್ಟು ಅಂತ ಮೊದಲೇ ಬರಹದಲ್ಲಿ ಕೇಳಿ. ಅದನ್ನು ಕಟ್ಟಿದ ಮೇಲೆ ಯುಪಿಐ ಆ್ಯಪ್‌ಗೆ ಹೋಗಿ ಆಟೋಪೇ ರದ್ದು ಮಾಡಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಡಿಪಾಸಿಟ್ ವಿಷಯಕ್ಕೆ ಮೊದಲ ರಸೀದಿ ಹುಡುಕಿ. ಅದರಲ್ಲಿ ಸೆಕ್ಯುರಿಟಿ ಡಿಪಾಸಿಟ್ ಅಂತಿದ್ದರೆ ವಾಪಸ್ ಬರಬೇಕು. ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಪ್ರಾಧಿಕಾರ ಟ್ರಾಯ್‌ನ 2024ರ ನಿಯಮದಲ್ಲಿ ಇದಕ್ಕೆ 45 ದಿನದ ಗಡುವಿದೆ. ಇನ್‌ಸ್ಟಲೇಶನ್ ಅಂತಿದ್ದರೆ ಆಸೆ ಬಿಡಿ.

ಸತಾಯಿಸಿದರೆ ಮೊದಲು ಕಂಪನಿಯ ದೂರು ಕೇಂದ್ರ, ಆಮೇಲೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಟ್ರಾಯ್ ಒಬ್ಬೊಬ್ಬರ ದೂರು ತಾನೇ ಬಗೆಹರಿಸುವುದಿಲ್ಲ, ಅಲ್ಲಿಗೆ ಬರೆಯುತ್ತಾ ಕೂರಬೇಡಿ. 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಧಾರವಾಡದಲ್ಲೇ ಜಿಲ್ಲಾ ಗ್ರಾಹಕರ ಆಯೋಗವೂ ಇದೆ.

ರೂಟರ್ ಕೊಡುವ ಮುಂಚೆ ಅಡಿಯಲ್ಲಿರುವ ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ, ಅದೇ ನಂಬರ್ ಬರೆದ ಚೀಟಿ ಕೈಗೆ ಬರುವ ತನಕ ಕುರ್ಚಿ ಬಿಟ್ಟು ಏಳಬೇಡಿ. ಅಡಾಪ್ಟರನ್ನೂ ಈಗಲೇ ಅದರ ಜೊತೆ ಕಟ್ಟಿಡಿ, ಸಾಮಾನು ತುಂಬುವಾಗ ಅದು ಹಾಸಿಗೆ ಗಂಟಿನಲ್ಲಿ ಸೇರಿಹೋಗುತ್ತದೆ.