ಅಡಿಕೆ ಸುಲಿಯುವ ಯಂತ್ರದ ಪೇಟೆಂಟ್: ಯಾವ ತಾರೀಖಿನಿಂದ ಎಣಿಸಬೇಕು?

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ಯಂತ್ರದ ತಗಡಿನ ಮೇಲೆ ಪೇಟೆಂಟ್ ನಂಬರಿದೆ, ಪೇಟೆಂಟ್ ಸಿಕ್ಕಿದ್ದು 2016ರಲ್ಲಿ, ಹಾಗಾಗಿ 2036ರವರೆಗೆ ಅಂಥದ್ದನ್ನು ಮಾಡಿಕೊಡುವ ಹಾಗಿಲ್ಲ ಅಂತ ವೆಲ್ಡಿಂಗ್ ಶಾಪಿನವರು ಹೇಳಿದರು ಅಂದಿರಿ. ಅವರ ಲೆಕ್ಕ ತಪ್ಪಿದೆ.

20 ವರ್ಷ ಅನ್ನುವುದು ಸರಿ. ಆದರೆ ಎಣಿಕೆ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ, ಪೇಟೆಂಟ್ ಕೈಗೆ ಬಂದ ದಿನದಿಂದಲ್ಲ. 2008ರ ಆಗಸ್ಟ್‌ನಲ್ಲಿ ಅರ್ಜಿ ಹಾಕಿ 2016ರಲ್ಲಿ ಸಿಕ್ಕಿದ್ದರೆ, 2028ರ ಆಗಸ್ಟ್‌ಗೆ ಮುಗಿಯುತ್ತದೆ. ನಡುವಿನ ಎಂಟು ವರ್ಷ ಕಡತದಲ್ಲೇ ಕರಗಿತು ಅಂದುಕೊಳ್ಳಿ. ಮೊದಲು ಪ್ರೊವಿಷನಲ್ ಅಂದರೆ ತಾತ್ಕಾಲಿಕ ಅರ್ಜಿ ಹಾಕಿ ಆಮೇಲೆ ಪೂರ್ತಿ ವಿವರ ಕೊಟ್ಟಿದ್ದರೂ ನಮ್ಮಲ್ಲಿ ಆ ಮೊದಲ ಅರ್ಜಿಯ ದಿನವೇ ಲೆಕ್ಕ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಪೇಟೆಂಟ್ 20 ವರ್ಷ ತಾನಾಗಿ ಬದುಕಿರುವುದಿಲ್ಲ. 3ನೇ ವರ್ಷದಿಂದ ವರ್ಷಾವರ್ಷ ನವೀಕರಣ ಶುಲ್ಕ ಕಟ್ಟುತ್ತಿರಬೇಕು. ಒಬ್ಬ ವ್ಯಕ್ತಿಯ ಹೆಸರಲ್ಲಿದ್ದರೆ ವರ್ಷಕ್ಕೆ 800 ರೂಪಾಯಿಯಿಂದ ಶುರುವಾಗಿ ಕೊನೆಯ ಐದು ವರ್ಷ 8,000 ರೂಪಾಯಿ ಆಗುತ್ತದೆ, ದೊಡ್ಡ ಕಂಪನಿಗೆ ಅದರ ಐದು ಪಟ್ಟು. ಯಂತ್ರ ಮಾರಾಟವಾಗದಿದ್ದರೆ ಯಾರು ಕಟ್ಟುತ್ತಾರೆ? ಗಡುವು ಮುಗಿದ ಮೇಲೂ ದಂಡ ಸೇರಿಸಿ ಕಟ್ಟಲು ಆರು ತಿಂಗಳು ಸಿಗುತ್ತದೆ. ಅದೂ ದಾಟಿದರೆ ಪೇಟೆಂಟ್ ಸತ್ತಂತೆ. ಆದರೂ ತಕ್ಷಣ ಲೇತ್ ಹತ್ತಿರ ಓಡಬೇಡಿ. ಪೇಟೆಂಟ್ ನಿಂತುಹೋದ ದಿನದಿಂದ 18 ತಿಂಗಳೊಳಗೆ ಅವರು ಅರ್ಜಿ ಹಾಕಿ ಅದನ್ನು ಮತ್ತೆ ಬದುಕಿಸಿಕೊಳ್ಳಬಹುದು. ನಾನಾಗಿದ್ದರೆ ಅಷ್ಟು ದಿನ ಕಾಯುತ್ತೇನೆ.

ನೋಡುವುದು ಹೇಗೆ ಅಂದರೆ, ಪೇಟೆಂಟ್ ಕಚೇರಿಯದ್ದೇ ಇನ್‌ಪಾಸ್ ಅಂತ ಹುಡುಕುವ ಪುಟ ಇದೆ, ದುಡ್ಡು ಬೇಡ. ನಂಬರು ಹಾಕಿ ಇ-ರಿಜಿಸ್ಟರ್ ತೆರೆಯಿರಿ. ಅರ್ಜಿ ಹಾಕಿದ ದಿನ, ಮುಂದಿನ ಶುಲ್ಕದ ಗಡುವು, ಪೇಟೆಂಟ್ ಜಾರಿಯಲ್ಲಿದೆಯೋ ನಿಂತಿದೆಯೋ ಎಲ್ಲ ಅಲ್ಲೇ ಇರುತ್ತದೆ. ತಗಡಿನ ಮೇಲಿನ ನಂಬರಿನ ಕೊನೆಯಲ್ಲಿ ಓರೆಗೆರೆ ಹಾಕಿ 2008 ಅಂತಲೋ, ಹೊಸದಾದರೆ ಶುರುವಿನಲ್ಲೇ 2016 ಅಂತಲೋ ಇದ್ದರೆ ಅದು ಅರ್ಜಿ ನಂಬರು, ಪೇಟೆಂಟ್ ನಂಬರಲ್ಲ. ಆ ವರ್ಷವನ್ನೇ ನಂಬಬೇಡಿ. ಹಳೇ ಅರ್ಜಿಯಿಂದ ಬೇರೆ ಮಾಡಿ ಹಾಕಿದ್ದಾದರೆ ಮೂಲ ಅರ್ಜಿಯ ದಿನವೇ ಲೆಕ್ಕಕ್ಕೆ ಬರುತ್ತದೆ.

ನಮ್ಮೂರಲ್ಲೇ ಅಡಿಕೆ ಕೊಯ್ಯುವ ಒಂದು ದೋಟಿಯ ಮೇಲೆ 'ಪೇಟೆಂಟ್‌ಗೆ ಅರ್ಜಿ ಸಲ್ಲಿಸಲಾಗಿದೆ' ಅಂತ ಸ್ಟಿಕರ್ ಇತ್ತು. ಅದನ್ನು ನೋಡಿ ಮೂರು ವರ್ಷ ಯಾರೂ ಮುಟ್ಟಲಿಲ್ಲ. ಹುಡುಕಿದರೆ, ಅರ್ಜಿ ಹಾಕಿದವರು ಅದನ್ನು ಪರೀಕ್ಷಿಸಿ ಅಂತ ಪೇಟೆಂಟ್ ಕಚೇರಿಗೆ ಬೇರೆಯಾಗಿ ಕೊಡಬೇಕಾದ ಕೋರಿಕೆಯನ್ನೇ ಕೊಟ್ಟಿರಲಿಲ್ಲ. ಅರ್ಜಿ ಯಾವತ್ತೋ ಬಿದ್ದುಹೋಗಿತ್ತು! ಸುಮ್ನೆ ಹೆದರಿದ್ದೆವು.

ಮೇಲೆ ಒಬ್ಬರು 'ಮಾರದಿದ್ದರೆ ತೊಂದರೆಯಿಲ್ಲ, ಸ್ವಂತಕ್ಕೆ ಮಾಡಿಕೊಳ್ಳಿ' ಅಂದಿದ್ದಾರೆ. ಹಾಗಲ್ಲ. ಪೇಟೆಂಟ್ ಜಾರಿಯಲ್ಲಿರುವಾಗ ಮಾಡುವುದು, ಬಳಸುವುದು ಎರಡಕ್ಕೂ ಮಾಲೀಕರ ಒಪ್ಪಿಗೆ ಬೇಕು. ಮುಗಿದ ಮೇಲೂ ಅವರ ಬ್ರಾಂಡ್ ಹೆಸರು ಹಾಕಿಕೊಳ್ಳುವ ಹಾಗಿಲ್ಲ, ಟ್ರೇಡ್‌ಮಾರ್ಕ್ ಬೇರೆಯೇ ಲೆಕ್ಕ. ಹೊಸ ಮಾಡೆಲ್‌ನ ರೋಲರಿಗೋ ಬ್ಲೇಡಿಗೋ ಬೇರೆ ಪೇಟೆಂಟ್ ಇದೆಯಾ ಅಂತಲೂ ನೋಡಬೇಕು. ನಿಮ್ಮದು ಹಳೇ ಮಾಡೆಲ್ ಅಲ್ವಾ, ಅದನ್ನೇ ನೋಡಿ ಮಾಡಿಸಿ.

ತಗಡನ್ನು ಸ್ವಲ್ಪ ಒರೆಸಿ, ನಂಬರು ಕಾಣುವ ಹಾಗೆ ಫೋಟೋ ಹಾಕಿ. ನಾಳೆ ಅಡಿಕೆ ಕೊನೆ ತೆಗೆಯುವವರು ಬರುತ್ತಾರೆ, ರಾತ್ರಿ ಕೂತು ಹುಡುಕಿ ಹೇಳುತ್ತೇನೆ.