ಭತ್ತದ ಇಳುವರಿ, ನೀರಿನ ಅಗತ್ಯ: ಜಲಮಾದರಿಯನ್ನು ಎಷ್ಟು ನೆಚ್ಚಬಹುದು?

ಕಾಸರಗೋಡಿನ ಶಿರಿಯ ಹೊಳೆಯ ಜಲಾನಯನದಲ್ಲಿ ಭತ್ತದ ಇಳುವರಿಯನ್ನೂ ನೀರಾವರಿಯ ಅಗತ್ಯವನ್ನೂ ‘ಸ್ವಾಟ್’ (ಜಲಾನಯನದ ಮಳೆ, ಹರಿವು, ಇಂಗುಗಳನ್ನು ಲೆಕ್ಕಹಾಕುವ ಕಂಪ್ಯೂಟರ್ ಜಲಮಾದರಿ) ಒಂದರಿಂದಲೇ ಅಂದಾಜಿಸಬಹುದೇ ಎಂದು ತಾವು ಕೇಳಿದ್ದೀರಿ. ನೀರಿನ ಲೆಕ್ಕಕ್ಕೆ ಅದು ಒದಗುತ್ತದೆ. ಇಳುವರಿಗೆ ನಾನು ಅದನ್ನು ನೆಚ್ಚುವುದಿಲ್ಲ. ಕುಂಬಳೆ ಸೀಮೆಯ ನಮ್ಮ ಗದ್ದೆಗಳಲ್ಲಿ ಇಂಥ ಲೆಕ್ಕ ಹಾಕಿ ನೋಡಿದ ಅನುಭವದಿಂದ ಹೇಳುತ್ತಿದ್ದೇನೆ.

ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಗೆ ನಮ್ಮಲ್ಲಿ ನೀರಿನ ಕೊರತೆ ಅಪರೂಪ. ಆಗ ಇಳುವರಿ ಕುಗ್ಗುವುದು ಮೋಡ ಕವಿದು ಬಿಸಿಲು ಸಾಲದೆ, ಹಾಕಿದ ಗೊಬ್ಬರ ಮಳೆಗೆ ಕೊಚ್ಚಿಹೋಗಿ. ನೀರಿನ ಕೊರತೆಯನ್ನಷ್ಟೇ ಇಳುವರಿಗೆ ಜೋಡಿಸುವ ಸೂತ್ರ ಅಲ್ಲಿ ಏನನ್ನೂ ಹೇಳದು. ಸ್ವಾಟ್‌ನಲ್ಲಿಯೂ ಬಿಸಿಲು, ಉಷ್ಣತೆ, ಸಾರಜನಕಗಳ ಲೆಕ್ಕವಿದೆ, ಆದರೆ ಸರಳ ರೂಪದಲ್ಲಿ. ಅವನ್ನು ಭತ್ತಕ್ಕೆಂದೇ ವಿವರವಾಗಿ ಲೆಕ್ಕಕ್ಕೆ ಹಿಡಿಯುವ ‘ಒರೈಜಾ’ ಅಥವಾ ‘ಸೆರೆಸ್-ರೈಸ್’ನಂಥ ಬೆಳೆಮಾದರಿಯೇ ಬೇಕು.

ಜಲಮಾದರಿಗೆ ನಿಜವಾದ ಕೆಲಸವಿರುವುದು ಮಳೆ ನಿಂತ ಮೇಲೆ, ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಕಟ್ಟಿ ನೀರು ತಿರುಗಿಸುವ ಸುಗ್ಗಿ (ಎರಡನೆಯ) ಬೆಳೆಯಲ್ಲಿ. ಆವಿಯಾಗುವ ನೀರನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 1998ರ ಕೈಪಿಡಿಯಂತೆ, ಭತ್ತಕ್ಕೆ ಆರಂಭದಲ್ಲಿ 1.05, ನಡುಗಾಲದಲ್ಲಿ 1.20 ಎಂಬ ಗುಣಾಂಕ (ಹವೆಯಿಂದ ಲೆಕ್ಕಹಾಕಿದ ಆವಿಯನ್ನು ಬೆಳೆಗೆ ತಕ್ಕಂತೆ ಗುಣಿಸುವ ಅಂಕಿ) ಹಿಡಿದು ಲೆಕ್ಕಹಾಕಿದರೆ ದೊಡ್ಡ ತಪ್ಪಾಗದು. ತಪ್ಪುವುದು ಇಂಗುವ ನೀರಿನ ಲೆಕ್ಕ.

ಅದನ್ನು ಅಳೆಯಲು ನಾನು ಎರಡು ಡ್ರಮ್ಮುಗಳನ್ನು, ಒಂದರ ತಳ ಕೊಯ್ದು ತೆಗೆದು, ಗದ್ದೆಯಲ್ಲಿ ಹೂತು, ಎರಡರಲ್ಲಿಯೂ ನೇಜಿ (ಭತ್ತದ ಸಸಿ) ನೆಟ್ಟು, ದಿನವೂ ಬೆಳಿಗ್ಗೆ ಸ್ಕೇಲು ಹಿಡಿದು ನೀರಿನ ಮಟ್ಟ ಬರೆದುಕೊಂಡೆ. ತಳವಿರುವುದರಲ್ಲಿ ಇಳಿದದ್ದು ಆವಿ. ತಳವಿಲ್ಲದ್ದರಲ್ಲಿ ಅದಕ್ಕಿಂತ ಹೆಚ್ಚು ಇಳಿದದ್ದು ಇಂಗಿದ ನೀರು. ತಗ್ಗಿನ ಬೈಲುಗದ್ದೆಯಲ್ಲಿ ದಿನಕ್ಕೆ 4 ಮಿಲಿಮೀಟರ್ ಇಂಗಿದರೆ, ಅದಕ್ಕಿಂತ ಎತ್ತರದಲ್ಲಿರುವ, ಮುರಕಲ್ಲು ಮಣ್ಣಿನ ಮಜಲುಗದ್ದೆಯಲ್ಲಿ 10 ಇಂಗಿತ್ತು. ಈ 6 ಮಿಲಿಮೀಟರ್ ವ್ಯತ್ಯಾಸವೆಂದರೆ ಎಕರೆಗೆ ದಿನವೊಂದಕ್ಕೆ ಸುಮಾರು 24,000 ಲೀಟರ್! ಎರಡಕ್ಕೂ ಒಂದೇ ಅಂಕಿ ಕೊಟ್ಟರೆ ಲೆಕ್ಕ ಅಷ್ಟರವರೆಗೂ ತಪ್ಪಬಹುದು. ಒಂದು ಬೆಳಿಗ್ಗೆಯಂತೂ ಡ್ರಮ್ಮುಗಳ ಒಳಗೆ ಎಂದಿನಷ್ಟೇ ಇಳಿದಿದ್ದ ನೀರು ಹೊರಗೆ ಎರಡಿಂಚು ಕೆಳಗಿತ್ತು. ನೋಡಿದರೆ ಹುಣಿಯಲ್ಲಿ (ಗದ್ದೆಯ ಬದುವಿನಲ್ಲಿ) ಏಡಿಯ ಬಿಲ. ಏಡಿಗೆ ಯಾವ ಮಾದರಿಯಲ್ಲಿಯೂ ಅಂಕಣವಿಲ್ಲ.

ಆದ್ದರಿಂದ ಸ್ವಾಟ್‌ನಲ್ಲಿ ಬೈಲು, ಮಜಲುಗಳನ್ನು ಬೇರೆ ಬೇರೆ ಘಟಕಗಳಾಗಿ ಇಡಿ. ಮಾದರಿ ತೋರಿಸುವ ಇಡೀ ವರ್ಷದ ಹರಿವು ಹೊಳೆಯಲ್ಲಿ ಅಳೆದದ್ದಕ್ಕೆ ತಾಳೆಯಾಯಿತೆಂದು ಗದ್ದೆಯ ಲೆಕ್ಕವೂ ಸರಿಯೆಂದು ತಿಳಿಯಬೇಡಿ, ಏಕೆಂದರೆ ಆಟಿ ತಿಂಗಳ (ಜುಲೈ-ಆಗಸ್ಟ್) ನೆರೆಯ ಮುಂದೆ ಗದ್ದೆಯ ಇಂಗು ಕಾಣಿಸುವುದೇ ಇಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಹರಿವನ್ನು ಪ್ರತ್ಯೇಕವಾಗಿ ತಾಳೆ ನೋಡಿ. ಆ ತಿಂಗಳುಗಳಲ್ಲಿ ತೋಡಿಗೆ ಎಲ್ಲೆಲ್ಲಿ ಕಟ್ಟ ಹಾಕುತ್ತಾರೆ, ಯಾವಾಗ ಬಿಚ್ಚುತ್ತಾರೆ ಎಂಬುದನ್ನು ಅಲ್ಲಿನ ಕೃಷಿಕರನ್ನೇ ಕೇಳಿ ಬರೆದುಕೊಳ್ಳಿ.